ಮುಪ್ಪಿನ ಮರೆವೂ ನಮ್ಮ ಮೂರು ತಾಲ್ಲೂಕುಗಳೂ

“ಅರುವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿರಲಾರರು. ನಾವು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದ ದಿನ ಬೀಳ್ಕೊಡುಗೆಯ ಸಭೆಯಲ್ಲಿ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ತಡಕಾಡುತ್ತಿದ್ದೆವು. ಅದನ್ನು ಕಂಡು ಕಿರಿಯ ಉಪಾಧ್ಯಾಯರೊಬ್ಬರು ಈ ಗಾದೆಯನ್ನು ಹೇಳಿ ಸಭೆಯನ್ನೆಲ್ಲಾ ನಗಿಸಿದರು. ನಾವೂ ನಕ್ಕೆವು. ಮನೆಗೆ ಬಂದಮೇಲೆ ಆ ನಗು ಉಳಿಯಲಿಲ್ಲ. ಇದೇ ಗಾದೆಯನ್ನು ನಾವು ನಮ್ಮ ಅಕ್ಕನ ವಿಷಯದಲ್ಲಿ ಮೂರು ವರುಷಗಳ ಕಾಲ ಹೇಳಿಕೊಂಡು ಬಂದಿದ್ದೆವು. ಹಾಗೆ ಹೇಳಿಕೊಂಡೇ ಮಾಡಬೇಕಾದುದನ್ನು ಮಾಡದೆ ಕಳೆದಿದ್ದೆವು.

ನಮ್ಮ ಸೇವೆಯ ಕಾಲವೆಲ್ಲಾ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಸೀಮೆಗಳಲ್ಲೇ ಸಂದಿತು. ಅಜ್ಜಂಪುರವು ಆಗ ತರೀಕೆರೆ ತಾಲ್ಲೂಕಿಗೆ ಸೇರಿದ್ದಿತು. ಪ್ರತ್ಯೇಕ ತಾಲ್ಲೂಕಾದುದು ಈಚೆಗೆ. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಹೊರಗಿನವರ ಮನಸ್ಸಿಗೆ ಕಾಫಿಯ ತೋಟ, ಮಂಜು ಮುಸುಕಿದ ಗಿರಿಶಿಖರ ಇವೇ ತೋರುವುವು. ನಮ್ಮ ಸೀಮೆಯ ಬಹುಭಾಗ ಅಂಥದಲ್ಲ. ಕಡೂರು ಬಯಲುಸೀಮೆ, ಮಳೆ ಬಂದರೆ ರಾಗಿ, ಬಾರದಿದ್ದರೆ ಬರ. ಅಜ್ಜಂಪುರದ ಕಡೆ ಈರುಳ್ಳಿ, ಜೋಳ, ಅಮೃತಮಹಲ್ ದನಗಳ ಕಾವಲು. ತರೀಕೆರೆಯಲ್ಲಿ ಮಾತ್ರ ಅಡಕೆ ತೆಂಗುಗಳ ತಂಪು ತುಸು ಹೆಚ್ಚು. ನರರೋಗಗಳ ತಜ್ಞರನ್ನು ಕಾಣಬೇಕಾದರೆ ಶಿವಮೊಗ್ಗೆಗೋ, ಸುಮಾರು ಇನ್ನೂರು ಕಿಲೋಮೀಟರು ದೂರದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೋ ಹೋಗತಕ್ಕದ್ದು. ಬೆಳಗಿನ ರೈಲಿಗೆ ಬೀರೂರಿಗೆ ಬಂದು ಹತ್ತಬೇಕಾದ ಮುದುಕರಿಗೆ ಇದು ಕಾಶೀಯಾತ್ರೆಗೆ ಸಮನಾದ ಪ್ರಯಾಸ.

ನಮ್ಮ ತಂದೆಯವರು ಪ್ರತಿ ಶ್ರಾವಣದಲ್ಲಿಯೂ ಮನೆಯ ಜಗಲಿಯ ಮೇಲೆ ಜೈಮಿನಿ ಭಾರತವನ್ನು ಓದಿ ಅರ್ಥ ಹೇಳುತ್ತಿದ್ದರು. ಅದನ್ನು ಬರೆದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂಬ ಅಭಿಮಾನ ನಮ್ಮ ಸೀಮೆಯ ಮನೆಗಳಲ್ಲಿ ಈಗಲೂ ಉಂಟು. ಅಕ್ಕನನ್ನು ನಾಲ್ಕನೆಯ ತರಗತಿಯಾದ ಮೇಲೆ ಶಾಲೆ ಬಿಡಿಸಿದರು. ನಮ್ಮನ್ನು ಸಂಸ್ಕೃತ ಪಾಠಶಾಲೆಗೆ ಕಳುಹಿಸಿದರು. ಆ ಕಾಲದಲ್ಲಿ ಇದನ್ನು ಯಾರೂ ಅನ್ಯಾಯವೆಂದು ಎಣಿಸಲಿಲ್ಲ, ನಾವೂ ಎಣಿಸಲಿಲ್ಲ. ಆದರೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಾ ಕೇಳಿದ ಪದ್ಯಗಳನ್ನೆಲ್ಲಾ ಅಕ್ಕ ಕಿವಿಯಿಂದಲೇ ಕಲಿತಳು. ಚಂದ್ರಹಾಸನ ಕಥೆಯನ್ನು ನಾವು ಪುಸ್ತಕ ನೋಡಿ ಓದಬೇಕಾಗಿದ್ದಾಗ ಅವಳು ರಾಗಿ ಬೀಸುತ್ತಾ ಹೇಳುವಳು. ಅವಳು ಸೇರಿದ ಮನೆ ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯದು.

ಅಕ್ಕನಿಗೆ ಅರುವತ್ತೇಳು ಅರುವತ್ತೆಂಟಾದಾಗ ಮೊದಲ ಲಕ್ಷಣಗಳು ಕಂಡುವು. ಒಂದೇ ಮಾತನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳುವಳು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತು; ಆಮೇಲೆ ಬೀಳದೆಯೇ ಹೋಯಿತು. ತೆಂಗಿನಕಾಯಿಯ ವ್ಯಾಪಾರಿಯೊಂದಿಗೆ ಬಾಯಲ್ಲೇ ಲೆಕ್ಕ ಹಾಕುತ್ತಿದ್ದವಳು ನೋಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಲ್ಲತೊಡಗಿದಳು. ಸೊಸೆ ನಮಗೆ ಹೇಳಿದಾಗ ನಾವು, “ವಯಸ್ಸಾಯಿತಲ್ಲಮ್ಮ, ಇದ್ದದ್ದೇ” ಎಂದೆವು. ಒಂದು ದಿನ ಅವಳು ಬಚ್ಚಲಮನೆಯಲ್ಲಿ ಬಿದ್ದು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗಲೇ ರಕ್ತದ ಒತ್ತಡ 190ಕ್ಕೆ ಏರಿರುವುದು ತಿಳಿದುಬಂದದ್ದು. ಅದಕ್ಕೆ ಹಿಂದೆ ಎಷ್ಟು ವರುಷಗಳಿಂದ ಹಾಗಿದ್ದಿತೋ ಬಲ್ಲವರಿಲ್ಲ, ಏಕೆಂದರೆ ಅಳೆದವರಿಲ್ಲ. ಇದೇ ಅವಳ ರೋಗಕ್ಕೆ ಕಾರಣವೆಂದು ನಾವು ಆಣೆಯಿಟ್ಟು ಹೇಳಲಾರೆವು. ಆದರೆ ತಲೆಯ ಚಿತ್ರ ತೆಗೆಸಿದ ವೈದ್ಯರು ಮಿದುಳಿನ ಸಣ್ಣ ರಕ್ತನಾಳಗಳು ಹಲವು ಕಡೆ ಕಟ್ಟಿಹೋಗಿರುವುದನ್ನು ತೋರಿಸಿದರು.

ವೈದ್ಯರು ಇದಕ್ಕೆ ಡಿಮೆನ್ಷಿಯಾ ಎಂಬ ಹೆಸರಿಟ್ಟಿದ್ದಾರೆ. ನಮಗೆ ಗೀತೆಯಲ್ಲಿ ಬರುವ ‘ಸ್ಮೃತಿಭ್ರಂಶ’ವೆಂಬ ಶಬ್ದವೇ ಒಪ್ಪುವುದು, ಗೀತೆಯಲ್ಲಿ ಅದು ಕ್ರೋಧದಿಂದ ಹುಟ್ಟುವುದಾದರೂ ಶಬ್ದವನ್ನು ಎರವಲು ಪಡೆಯಲು ಅಡ್ಡಿಯಿಲ್ಲ. ಕನ್ನಡಕವನ್ನು ಎಲ್ಲಿಟ್ಟೆವೆಂದು ಮರೆಯುವುದು ಸ್ಮೃತಿಭ್ರಂಶವಲ್ಲ. ಕನ್ನಡಕ ಏತಕ್ಕೆಂಬುದನ್ನು ಮರೆತರೆ ಅದು ಸ್ಮೃತಿಭ್ರಂಶ. ನೆನಪಿನೊಡನೆ ಲೆಕ್ಕ, ದಾರಿಯ ಗುರುತು, ಮಾತು, ವಿವೇಚನೆ ಇವೂ ಕ್ರಮೇಣ ಕುಂದುವುವು. ಜರ್ಮನಿಯ ಅಲೋಯಿಸ್ ಆಲ್‌ಝೈಮರ್ ಎಂಬ ವೈದ್ಯನು 1906ರಲ್ಲಿ ವರ್ಣಿಸಿದ ರೋಗವು ಇದರ ಮುಖ್ಯ ಪ್ರಭೇದ. ರಕ್ತನಾಳಗಳ ದೋಷದಿಂದ ಬರುವುದು ಇನ್ನೊಂದು. ಅನೇಕರಲ್ಲಿ ಎರಡೂ ಬೆರೆತಿರುವುವು. ಜಗತ್ತಿನಲ್ಲಿ 2021ರ ವೇಳೆಗೆ ಸುಮಾರು 5 ಕೋಟಿ 70 ಲಕ್ಷ ಜನರಿಗೆ ಈ ರೋಗವಿದ್ದಿತೆಂದೂ ಅವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ವರಮಾನದ ದೇಶಗಳವರೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಭಾರತದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡದೊಂದು ಸಮೀಕ್ಷೆಯಂತೆ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಇದುಂಟು. ಗಂಡಸರಿಗಿಂತ ಹೆಂಗಸರಲ್ಲಿಯೂ ಪಟ್ಟಣಕ್ಕಿಂತ ಹಳ್ಳಿಗಳಲ್ಲಿಯೂ ಹೆಚ್ಚು. ಈ ಕಡೆಯ ವಾಕ್ಯವನ್ನು ಓದಿದಾಗ ನಮಗೆ ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹುಡುಗಿಯ ನೆನಪಾಯಿತು.

ಇದನ್ನು ತಡೆಯಲಾದೀತೆ? ಪೂರ್ಣವಾಗಿ ತಡೆಯುವ ಔಷಧವಿಲ್ಲ. ಆದರೆ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯವರು ನೇಮಿಸಿದ ವಿದ್ವಾಂಸರ ಮಂಡಲಿಯು 2024ರಲ್ಲಿ 14 ಕಾರಣಗಳನ್ನು ಎತ್ತಿ ತೋರಿಸಿ, ಅವುಗಳೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಸ್ಮೃತಿಭ್ರಂಶದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಗಣಿಸಿದೆ. ಬಾಲ್ಯದಲ್ಲಿ ವಿದ್ಯೆ ಸಾಲದಿರುವುದು, ಕಿವುಡು, ಕಣ್ಣಿನ ಮಂದತೆ, ಏರಿದ ರಕ್ತದ ಒತ್ತಡ, ರಕ್ತದ ಕೊಬ್ಬು, ಮಧುಮೇಹ, ಸ್ಥೂಲಕಾಯ, ಧೂಮಪಾನ, ಮದ್ಯ, ಕೂತಲ್ಲೇ ಕೂರುವುದು, ಖಿನ್ನತೆ, ಏಕಾಂತವಾಸ, ತಲೆಗೆ ಬೀಳುವ ಪೆಟ್ಟು, ಕೆಟ್ಟ ಗಾಳಿ ಇವೇ ಆ ಕಾರಣಗಳು. ಇದು ಜನಸಮುದಾಯದ ಲೆಕ್ಕವೇ ಹೊರತು ಇಂಥವರಿಗೆ ಬಾರದೆಂಬ ವರದಾನವಲ್ಲ. ಎಲ್ಲವನ್ನೂ ಪಾಲಿಸಿದವರಿಗೂ ಬರುವುದುಂಟು. ಆದುದರಿಂದ ರೋಗಿಗಳನ್ನು “ನೀನೇ ತಂದುಕೊಂಡೆ” ಎಂದು ಜರೆಯುವುದು ಮೂರ್ಖತನ.

ವಿದ್ಯೆಗೂ ಮರೆವಿನ ರೋಗಕ್ಕೂ ಏನು ನಂಟೆಂದು ಗೃಹಿಣಿಯರು ಕೇಳಬಹುದು. ನಮ್ಮ ಸೀಮೆಯ ಕೆರೆಯನ್ನು ನೆನೆಯಿರಿ. ಹೂಳು ತುಂಬದ ಆಳವಾದ ಕೆರೆಗೂ ಬೇಸಗೆ ತಪ್ಪಿದ್ದಲ್ಲ. ಆದರೆ ಅದು ಬತ್ತುವುದಕ್ಕೆ ಬಹಳ ಕಾಲ ಹಿಡಿಯುವುದು. ಬಾಲ್ಯದಿಂದಲೂ ಕಲಿಕೆಯಲ್ಲಿ ತೊಡಗಿದ ಮಿದುಳಿನ ಸಂಗ್ರಹ ಹಾಗೆ. ರಕ್ತದ ಒತ್ತಡದ ಕೇಡು ಬೇರೆ ಬಗೆಯದು: ಕೆರೆಯಲ್ಲಿ ನೀರಿದ್ದರೂ ತೂಬಿನ ಕಾಲುವೆಗಳು ಕುಸಿದು ಮುಚ್ಚಿದರೆ ಗದ್ದೆ ಒಣಗುವಂತೆ, ಮಿದುಳಿಗೆ ರಕ್ತವನ್ನೊಯ್ಯುವ ಕೂದಲಿನಷ್ಟು ಸಣ್ಣ ನಾಳಗಳು ಗಟ್ಟಿಯಾಗಿ ಮುಚ್ಚಿ, ಅಲ್ಲಲ್ಲಿ ಒಂದೊಂದು ಮಡಿಯೇ ಒಣಗಿಹೋಗುವುದು. ಇದು ನೋಯುವುದಿಲ್ಲ. ಆದ್ದರಿಂದಲೇ ಯಾರೂ ಲಕ್ಷ್ಯ ಕೊಡುವುದಿಲ್ಲ.

ಫಿನ್‌ಲೆಂಡ್ ದೇಶದಲ್ಲಿ ಮೀಯಾ ಕಿವಿಪೆಲ್ಟೊ ಎಂಬ ವಿದುಷಿಯೂ ಅವರ ಸಂಗಡಿಗರೂ 60ರಿಂದ 77 ವಯಸ್ಸಿನ 1260 ಮಂದಿಯನ್ನು ಎರಡು ಪಂಗಡ ಮಾಡಿ ಎರಡು ವರುಷ ಒಂದು ಪ್ರಯೋಗ ನಡೆಸಿದರು. ‘ಫಿಂಗರ್’ ಎಂಬುದು ಅದರ ಹೆಸರು. ಒಂದು ಪಂಗಡಕ್ಕೆ ಸಾಮಾನ್ಯ ಹಿತವಚನ. ಇನ್ನೊಂದಕ್ಕೆ ಪಥ್ಯದ ಊಟ, ಅಂಗಸಾಧನೆ, ಬುದ್ಧಿಯ ಅಭ್ಯಾಸ, ರಕ್ತದ ಒತ್ತಡವೇ ಮೊದಲಾದುವುಗಳ ಮೇಲ್ವಿಚಾರಣೆ ಈ ನಾಲ್ಕನ್ನೂ ಒಟ್ಟಿಗೆ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡನೆಯ ಪಂಗಡದವರ ಬುದ್ಧಿಶಕ್ತಿಯ ಪರೀಕ್ಷೆಯ ಸುಧಾರಣೆ ಮೊದಲಿನವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿದ್ದಿತು. ರೋಗವನ್ನೇ ತಡೆಯಿತೆಂದು ಇದರಿಂದ ಹೇಳಬರುವುದಿಲ್ಲ. ಆದರೂ ಆಶೆಗೆ ಆಧಾರವಾಯಿತು. 2017ರಿಂದ ಬೇರೆ ಬೇರೆ ದೇಶಗಳವರು ಸೇರಿ ಇದನ್ನು ತಮ್ಮ ತಮ್ಮ ನಾಡಿಗೆ ಒಗ್ಗಿಸಿಕೊಳ್ಳುವ ಪ್ರಯತ್ನದಲ್ಲಿದ್ದಾರೆ.

ಒಗ್ಗಿಸಿಕೊಳ್ಳುವುದು ಎಂಬಲ್ಲಿಯೇ ಎಲ್ಲ ಸ್ವಾರಸ್ಯವೂ ಇರುವುದು. ಫಿನ್‌ಲೆಂಡಿನವರಿಗೆ ಮೀನು, ಕಾಡಿನ ಹಣ್ಣು, ವ್ಯಾಯಾಮಶಾಲೆ, ಗಣಕಯಂತ್ರದ ಮುಂದೆ ಕೂತು ಆಡುವ ನೆನಪಿನ ಆಟ. ಯಗಟಿಯ ಕಡೆಯ ಒಬ್ಬ ಅಜ್ಜಿಯನ್ನು ಗಣಕಯಂತ್ರದ ಮುಂದೆ ಕೂರಿಸಿದರೆ ಅವಳು ಮೊದಲು ಅದಕ್ಕೆ ಕೈಮುಗಿಯುವಳು, ಆಮೇಲೆ ಮನೆಗೆ ಹೋಗುವಳು. ಪರೀಕ್ಷೆಯ ಪ್ರಶ್ನೆಗಳ ಪಾಡೂ ಅಷ್ಟೆ. ಅಮೆರಿಕದಲ್ಲಿ 1975ರಲ್ಲಿ ರಚಿತವಾದ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ ನೂರರಿಂದ ಏಳೇಳನ್ನು ಕಳೆಯಬೇಕು, ಒಂದು ವಾಕ್ಯ ಬರೆಯಬೇಕು, ತಾರೀಖು ಹೇಳಬೇಕು. ಓದುಬರಹವಿಲ್ಲದವರು ಇದರಲ್ಲಿ ಬುದ್ಧಿ ನೆಟ್ಟಗಿದ್ದೂ ಸೋಲುವರು. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಮೇರಿ ಗಂಗೂಲಿ ಮೊದಲಾದವರು ಅದನ್ನು ನಿರಕ್ಷರರಿಗೂ ಸಲ್ಲುವಂತೆ ಹಿಂದಿಯಲ್ಲಿ ಮಾರ್ಪಡಿಸಿ 1995ರಲ್ಲಿ ಪ್ರಕಟಿಸಿದರು. ನಮ್ಮ ಸೀಮೆಯ ಒಕ್ಕಲಗಿತ್ತಿಗೆ ಇಂದು ಯಾವ ತಾರೀಖೆಂದು ಕೇಳಿದರೆ ಉತ್ತರ ಬಾರದು. ಈಗ ಯಾವ ಮಳೆ ನಡೆದಿದೆಯೆಂದು ಕೇಳಿದರೆ “ಆಶ್ಲೇಷೆ ಮುಗಿದು ಮಖೆ ಹುಟ್ಟಿತು” ಎಂದು ಥಟ್ಟನೆ ಹೇಳುವಳು. ಅವಳು ಮಳೆಯ ಹೆಸರನ್ನು ಮರೆತ ದಿನ ಮನೆಯವರು ಎಚ್ಚರಗೊಳ್ಳಬೇಕು.

ನಮ್ಮ ನಾಡಿನಲ್ಲಿಯೇ ಈ ಕೆಲಸ ಆರಂಭವಾಗಿದೆಯೆಂಬುದು ಸಂತೋಷದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಿಂದ ಒಂದು ದೀರ್ಘಕಾಲದ ಅಧ್ಯಯನವನ್ನು ನಡೆಸುತ್ತಿದ್ದಾರೆ. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ಮತ್ತೆ ಮತ್ತೆ ಪರೀಕ್ಷಿಸಿ, ಯಾರ ಬುದ್ಧಿ ಏಕೆ ಕುಂದುವುದು, ಯಾರದು ಏಕೆ ಉಳಿಯುವುದು ಎಂಬುದನ್ನು ತಿಳಿಯುವುದು ಅವರ ಉದ್ದೇಶ. ಶ್ರೀನಿವಾಸಪುರವೂ ಕಡೂರಿನಂತೆಯೇ ಮಳೆ ಕಡಮೆಯ, ರಾಗಿಯ ಸೀಮೆ. ಆದುದರಿಂದ ಅಲ್ಲಿ ಕಂಡುಬಂದುದು ಫಿನ್‌ಲೆಂಡಿನದಕ್ಕಿಂತ ನಮಗೆ ಹತ್ತಿರ. ನಿಮ್ಹಾನ್ಸ್ ಸಂಸ್ಥೆಯೂ ಕರ್ನಾಟಕ ಸರ್ಕಾರವೂ ಕೂಡಿ 2022ರಲ್ಲಿ ಮಿದುಳಿನ ಆರೋಗ್ಯಕ್ಕೆಂದೇ ಒಂದು ಯೋಜನೆಯನ್ನು ತೊಡಗಿ, ತಲೆನೋವು, ಅಪಸ್ಮಾರ, ಪಾರ್ಶ್ವವಾಯು, ಸ್ಮೃತಿಭ್ರಂಶ ಈ ನಾಲ್ಕನ್ನೂ ಊರಿನ ಆರೋಗ್ಯ ಕೇಂದ್ರದ ವೈದ್ಯರೇ ಗುರುತಿಸುವಂತೆ ಅವರಿಗೆ ಶಿಕ್ಷಣ ಕೊಡುತ್ತಿದ್ದಾರೆ.

ಈಗ ನಾವು ಮುಖ್ಯವೆಂದು ತಿಳಿದ ವಿಷಯಕ್ಕೆ ಬರುತ್ತೇವೆ. ಚೀನಾ ದೇಶದ 326 ಹಳ್ಳಿಗಳಲ್ಲಿ ರಕ್ತದ ಒತ್ತಡವು ಹತೋಟಿ ಮೀರಿದ್ದ 33,995 ಜನರ ಮೇಲೆ ನಾಲ್ಕು ವರುಷ ಒಂದು ಪ್ರಯೋಗ ನಡೆದು, ಅದರ ಫಲವು 2025ರಲ್ಲಿ ಹೊರಬಂದಿತು. ಅರ್ಧ ಹಳ್ಳಿಗಳಲ್ಲಿ ಊರಿನ ಸಾಮಾನ್ಯ ವೈದ್ಯರೇ, ದೊಡ್ಡ ವೈದ್ಯರ ಮೇಲ್ವಿಚಾರಣೆಯಲ್ಲಿ, ಒತ್ತಡವನ್ನು ಅಳೆದು, ಅಗ್ಗದ ಮಾತ್ರೆಗಳನ್ನು ಕೊಟ್ಟು, ಬಿಡದೆ ನುಂಗುವಂತೆ ನೋಡಿಕೊಂಡರು. ಉಳಿದ ಹಳ್ಳಿಗಳಲ್ಲಿ ಎಂದಿನಂತೆ ಚಿಕಿತ್ಸೆ. ಮೊದಲಿನ ಹಳ್ಳಿಗಳಲ್ಲಿ ಸ್ಮೃತಿಭ್ರಂಶವು ನೂರಕ್ಕೆ 15ರಷ್ಟು ಕಡಮೆಯಾಯಿತು. ದೊಡ್ಡ ಆಸ್ಪತ್ರೆಯಿಲ್ಲ, ಹೊಸ ಔಷಧವಿಲ್ಲ. ತೋಳಿಗೆ ಕಟ್ಟುವ ಪಟ್ಟಿ, ಮಾತ್ರೆ, ಮನೆಬಾಗಿಲಿಗೆ ಬಂದು ಕೇಳುವ ಒಬ್ಬ ಮನುಷ್ಯ, ಇಷ್ಟೆ. ನಮ್ಮಲ್ಲಿ ಈ ಮೂರೂ ಉಂಟು. ಉಪಕೇಂದ್ರದಲ್ಲಿ ಪಟ್ಟಿಯುಂಟು, ಸರ್ಕಾರದ ಮಾತ್ರೆ ಪುಕ್ಕಟೆ, ಆಶಾ ಕಾರ್ಯಕರ್ತೆ ಊರಿನ ಪ್ರತಿಯೊಂದು ಮನೆಯ ಹೆಸರನ್ನೂ ಬಲ್ಲಳು. ಇಲ್ಲದಿರುವುದು ಬಿಡದೆ ನುಂಗುವ ಅಭ್ಯಾಸ. “ತಲೆ ಸುತ್ತು ನಿಂತಿತಲ್ಲ ಮೇಷ್ಟ್ರೇ, ಇನ್ನು ಮಾತ್ರೆ ಯಾಕೆ?” ಎಂದು ನಮ್ಮ ನೆರೆಯ ಯಜಮಾನರೊಬ್ಬರು ಕೇಳಿದರು. ಮಳೆ ನಿಂತಿತೆಂದು ಮನೆಯ ಹೆಂಚನ್ನು ಇಳಿಸುವಿರಾ ಎಂದು ನಾವು ಕೇಳಿದೆವು. ಅವರು ನಕ್ಕರು, ಮಾತ್ರೆ ನುಂಗಿದರೋ ಇಲ್ಲವೋ ತಿಳಿಯದು.

ಊಟದ ವಿಷಯ. ರಾಗಿ, ಹುರುಳಿ, ಅವರೆ, ಸೊಪ್ಪಿನ ಸಾರು, ಹುಚ್ಚೆಳ್ಳಿನ ಚಟ್ನಿ ಇವು ನಮ್ಮ ಸೀಮೆಯವು. ಪರದೇಶದ ಪಥ್ಯವನ್ನು ಹುಡುಕಬೇಕಾದುದಿಲ್ಲ. ಆದರೆ ನಾವು ನಮ್ಮ ಹಿರಿಯರ ಊಟವನ್ನೇ ಉಣ್ಣುತ್ತಿದ್ದೇವೆಂಬುದು ಭ್ರಮೆ. ಮೂರು ಹೊತ್ತೂ ಬಿಳಿಯ ಅಕ್ಕಿ, ಸಂಜೆ ಅಂಗಡಿಯ ಬೋಂಡ, ದಿನಕ್ಕೆ ಐದು ಲೋಟ ಸಕ್ಕರೆ ಕಾಫಿ, ಇದು ಇಂದಿನ ಊಟ. ರಾಗಿಯ ಮುದ್ದೆಯಾದರೆ ಎಷ್ಟಾದರೂ ಉಣ್ಣಬಹುದೆಂದು ಮಧುಮೇಹದವರು ತಿಳಿದಿರುವುದೂ ತಪ್ಪು. ಹೊಲದಲ್ಲಿ ದುಡಿಯುವವನ ಮುದ್ದೆ ಜಗಲಿಯ ಮೇಲೆ ಕೂತವನಿಗೆ ಸಲ್ಲದು. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಮು, ಅಂದರೆ ಚಹಾ ಚಮಚೆಗೆ ಒಂದರಷ್ಟು, ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯವರ ಮಾತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲೇ ಅದು ಮುಗಿದುಹೋಗುವುದನ್ನು ಗೃಹಿಣಿಯರೇ ಬಲ್ಲರು. ಹೊಗೆಸೊಪ್ಪು, ಬೀಡಿಗಳ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಡೆಯುವುದಕ್ಕೆ ಕೆರೆಯ ಏರಿಗಿಂತ ಒಳ್ಳೆಯ ಸ್ಥಳ ಬೇಡ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕಂತೆ. ನಮ್ಮ ಹೆಂಗಸರು ಹಿಂದೆ ಬೀಸುವ ಕಲ್ಲಿನ ಮುಂದೆ ಹಾಡುತ್ತಾ ದೇಹಕ್ಕೂ ನೆನಪಿಗೂ ಒಟ್ಟಿಗೆ ಕೆಲಸ ಕೊಡುತ್ತಿದ್ದರು. ಕಲ್ಲು ಹೋದಾಗ ಹಾಡೂ ಹೋಯಿತು. ಕಲ್ಲನ್ನು ಮತ್ತೆ ತರಬೇಕೆಂದು ನಾವು ಹೇಳುವವರಲ್ಲ. ಬೀಸಿ ಬೀಸಿ ಸೋತ ತೋಳುಗಳನ್ನು ಕಂಡವರು ಹಾಗೆ ಹೇಳರು. ಕೋಲಾಟವನ್ನು ಮಾತ್ರ ತರಬಹುದು. ಹೆಜ್ಜೆ, ತಾಳ, ಹಾಡು, ಜೊತೆಯವರ ಕೋಲು ಇಷ್ಟನ್ನೂ ಒಮ್ಮೆಗೇ ಗಮನದಲ್ಲಿಡುವ ಆಟ ಯಾವ ಗಣಕಯಂತ್ರದಲ್ಲಿಯೂ ಇರಲಾರದು.

ಕಿವಿಯ ಸಂಗತಿಯನ್ನು ನಾವು ಮುಚ್ಚಿಡಬೇಕೆಂದಿದ್ದೆವು. ಆದರೆ ಮೇಲೆ ಹೇಳಿದ 14 ಕಾರಣಗಳಲ್ಲಿ ಕಿವುಡಿಗೂ ರಕ್ತದ ಕೊಬ್ಬಿಗೂ ಎಲ್ಲಕ್ಕಿಂತ ಹೆಚ್ಚಿನ ಪಾಲು, ನೂರಕ್ಕೆ ಏಳೇಳು, ಇದೆಯೆಂದು ಓದಿದಮೇಲೆ ಮುಚ್ಚಿಟ್ಟರೆ ಅಪರಾಧವಾಗುವುದು. ನಮಗೆ ನಾಲ್ಕು ವರುಷಗಳಿಂದ ಬಲಗಿವಿ ಮಂದ, ಎಡಗಿವಿ ಅದಕ್ಕಿಂತ ಮಂದ. ತರಗತಿಯ ಹಿಂದಿನ ಸಾಲಿನ ಹುಡುಗರು ಇದನ್ನು ನಮಗಿಂತ ಮೊದಲೇ ತಿಳಿದು ಅದರ ಪ್ರಯೋಜನವನ್ನು ಪಡೆದರು. ಕಿವಿಯಲ್ಲಿ ಯಂತ್ರವಿಟ್ಟುಕೊಂಡರೆ ಮುದುಕನೆನ್ನುವರೆಂಬ ನಾಚಿಕೆಯಿಂದ ನಾವು ಸಭೆ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟೆವು. ಕೇಳದವನು ಮಾತು ಬಿಡುವನು, ಮಾತು ಬಿಟ್ಟವನು ಜನ ಬಿಡುವನು, ಆ ಏಕಾಂತವು ಬುದ್ಧಿಯನ್ನು ಕುಂದಿಸುವುದು. 2023ರಲ್ಲಿ ಅಮೆರಿಕದಿಂದ ಬಂದ ಒಂದು ಪ್ರಯೋಗದ ವರದಿಯಲ್ಲಿ, 70ರಿಂದ 84 ವಯಸ್ಸಿನ 977 ಜನರ ಪೈಕಿ ಶ್ರವಣಯಂತ್ರ ಪಡೆದವರಿಗೂ ಪಡೆಯದವರಿಗೂ ಒಟ್ಟಿನಲ್ಲಿ ಭೇದ ಕಾಣದಿದ್ದರೂ, ರೋಗದ ಅಪಾಯ ಹೆಚ್ಚಾಗಿದ್ದವರಲ್ಲಿ ಮೂರು ವರುಷಗಳ ಬುದ್ಧಿಹ್ರಾಸವು ನೂರಕ್ಕೆ 48ರಷ್ಟು ನಿಧಾನವಾಯಿತೆಂದಿದೆ. ನಾವು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಯಂತ್ರವನ್ನು ತಂದೆವು. ಬಡ ವೃದ್ಧರಿಗೆ ಶ್ರವಣಯಂತ್ರ, ಕನ್ನಡಕ, ಊರುಗೋಲುಗಳನ್ನು ಪುಕ್ಕಟೆಯಾಗಿ ಕೊಡುವ ಕೇಂದ್ರ ಸರ್ಕಾರದ ‘ರಾಷ್ಟ್ರೀಯ ವಯೋಶ್ರೀ’ ಯೋಜನೆಯು 2017ರಿಂದ ಇದೆ. ಯಂತ್ರವಿಟ್ಟ ಮೊದಲ ದಿನ ಕೇಳಿದ ಶಬ್ದ ಹಿತ್ತಿಲ ಬಾವಿಯ ರಾಟೆಯ ಕಿರುಗುಟ್ಟುವಿಕೆ. ಅದಕ್ಕೆ ಎಣ್ಣೆ ಬಿಡಬೇಕೆಂದು ಮನೆಯವರು ಎರಡು ವರುಷದಿಂದ ಹೇಳುತ್ತಿದ್ದರಂತೆ.

ಬುದ್ಧಿಯ ಅಭ್ಯಾಸಕ್ಕೆ ನಾವು ಮತ್ತೆ ಲಕ್ಷ್ಮೀಶನಲ್ಲಿಗೇ ಬರಬೇಕು. ಜೈಮಿನಿ ಭಾರತದ ಛಂದಸ್ಸಿಗೆ ವಾರ್ಧಕ ಷಟ್ಪದಿಯೆಂದು ಹೆಸರು. ‘ವಾರ್ಧಕ’ವೆಂದರೆ ಸಂಸ್ಕೃತದಲ್ಲಿ ಮುಪ್ಪು. ಛಂದಸ್ಸಿಗೆ ಆ ಹೆಸರು ಬಂದುದಕ್ಕೆ ಬೇರೆ ಕಾರಣವಿದ್ದೀತು. ಮುಪ್ಪಿನವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಕ್ಕದೆಂಬುದಕ್ಕೆ ನಾವು ಅದನ್ನು ಬಳಸಿಕೊಳ್ಳುತ್ತೇವೆ. ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ಉಳಿದವರು ಕೇಳಿ ತಪ್ಪು ಹಿಡಿಯುವುದು. ಹಿಂದಿನ ದಿನ ಎಲ್ಲಿಗೆ ನಿಂತಿತೆಂದು ಹೇಳಬೇಕಾದವರು ಓದುಬರಹವಿಲ್ಲದ ಅಜ್ಜಿಯರು. ತರೀಕೆರೆಯ ಏರಿಯ ಮೇಲೆ ಮೇಯುವ ಕರಿಯ ಕುರಿಮರಿಗಳ ನಾಲಗೆ ತೊಡಕನ್ನು ಮೊಮ್ಮಕ್ಕಳೊಡನೆ ಪಂದ್ಯ ಕಟ್ಟಿ ಹೇಳುವುದೂ ಅಭ್ಯಾಸವೇ. ಭಾಷೆಗಳ ವಿಷಯದಲ್ಲಿಯೂ ಒಂದು ಮಾತುಂಟು. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದಂತೆ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಿಗೆ ರೋಗವು ನಾಲ್ಕೂವರೆ ವರುಷ ತಡವಾಗಿ ಬಂದಿತ್ತು, ನಿರಕ್ಷರರಲ್ಲಿಯೂ ಹಾಗೆಯೇ. ಆಮೇಲಿನ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆದರೂ ನಮ್ಮ ಸಂತೆಗಳಲ್ಲಿ ಕನ್ನಡ, ಉರ್ದು, ಲಂಬಾಣಿ, ತೆಲುಗುಗಳನ್ನು ಒಂದೇ ಉಸಿರಿನಲ್ಲಿ ಆಡಿ ಚೌಕಾಸಿ ಮಾಡುವ ಮುದುಕಿಯರನ್ನು ಕಂಡಾಗ ನಮಗೆ ಇದರಲ್ಲಿ ನಂಬಿಕೆ ಹುಟ್ಟುವುದು.

ಒಂದೆಲಗದ ಮಾತೇ ಬರಲಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಚರಕನು ಮೇಧ್ಯ ರಸಾಯನಗಳೆಂದು ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ ಈ ನಾಲ್ಕನ್ನು ಹೇಳಿರುವುದು ನಿಜ. ಆ ಶಾಸ್ತ್ರದಲ್ಲಿ ನಮಗೆ ಗೌರವವಿದೆ. ಒಂದೆಲಗದ ಚಟ್ನಿಯಲ್ಲಿ ಅದಕ್ಕಿಂತ ಹೆಚ್ಚಿನ ಪ್ರೀತಿಯಿದೆ. ಆದರೆ ಅದು ಸ್ಮೃತಿಭ್ರಂಶವನ್ನು ತಡೆಯುವುದೆಂಬುದಕ್ಕೆ ದೊಡ್ಡ ಪ್ರಯೋಗದ ಪ್ರಮಾಣವಿಲ್ಲ. ಚೀನಾದ ಗಿಂಕೊ ಎಂಬ ಎಲೆಯ ಸಾರವನ್ನು ಅಮೆರಿಕದಲ್ಲಿ 3069 ವೃದ್ಧರ ಮೇಲೆ ಪರೀಕ್ಷಿಸಿದಾಗ, 2008ರ ವರದಿಯಂತೆ, ಅದರಿಂದ ರೋಗ ತಡೆಯಲಿಲ್ಲ. ಎಲೆಯನ್ನು ತಿನ್ನಿರಿ; ಒತ್ತಡದ ಮಾತ್ರೆಯನ್ನು ಬಿಟ್ಟು ಎಲೆಯನ್ನು ತಿನ್ನಬೇಡಿರಿ. ‘ನೆನಪಿನ ಪುಡಿ’ಯೆಂದು ಸಂತೆಯಲ್ಲಿ ಮಾರುವ ಡಬ್ಬಿಗಳಿಗೆ ಕೊಟ್ಟ ಹಣದಲ್ಲಿ ಒತ್ತಡ ಅಳೆಯುವ ಪಟ್ಟಿಯೊಂದು ಬರುವುದು.

ಲಕ್ಷಣ ಕಂಡ ಮನೆಯವರು ಮೊದಲು ಮಾಡತಕ್ಕುದೇನೆಂದರೆ, ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸುವುದು. ಎಲ್ಲ ಮರೆವೂ ಸ್ಮೃತಿಭ್ರಂಶವಲ್ಲ. ಬಿ-12 ಎಂಬ ಜೀವಸತ್ತ್ವದ ಕೊರತೆಯಿಂದ (ಶಾಕಾಹಾರಿಗಳಲ್ಲಿ ಇದು ವಿಶೇಷ), ಥೈರಾಯ್ಡ್ ಗ್ರಂಥಿಯ ದೋಷದಿಂದ, ಗಂಡನೋ ಮಗನೋ ಹೋದ ಮೇಲಿನ ಖಿನ್ನತೆಯಿಂದ ಬರುವ ಮರೆವು ಚಿಕಿತ್ಸೆಗೆ ಬಗ್ಗುವುದು. ಅದನ್ನೂ ಅರಳುಮರಳೆಂದು ಬಿಟ್ಟ ಮನೆಗಳನ್ನು ನಾವು ಕಂಡಿದ್ದೇವೆ. ಮನಸ್ಸಿನ ತೊಂದರೆಗಳಿಗೆ 14416, ವೃದ್ಧರ ಸಹಾಯಕ್ಕೆ 14567 ಎಂಬ ಸರ್ಕಾರದ ದೂರವಾಣಿಗಳಿವೆ. ಎರಡಕ್ಕೂ ಹಣ ಬೀಳುವುದಿಲ್ಲ. ರೋಗ ನಿಶ್ಚಯವಾದ ಮನೆಯಲ್ಲಿ ರೋಗಿಯ ಸೊಸೆಗೋ ಮಗಳಿಗೋ ವಾರದಲ್ಲಿ ಒಂದು ದಿನವಾದರೂ ಬಿಡುವು ಕೊಡುವ ಏರ್ಪಾಟಾಗಬೇಕು. ನಾವೀಗ ಭಾನುವಾರಗಳಂದು ಅಕ್ಕನ ಮನೆಗೆ ಹೋಗಿ ಕೂರುವುದು ಅದಕ್ಕಾಗಿಯೇ. “ನೀವು ಮೇಷ್ಟ್ರಲ್ವಾ?” ಎಂದು ಅವಳು ಬಹುವಚನದಲ್ಲಿ ಕೇಳುವಳು. ಹೌದಕ್ಕ ಎನ್ನುವೆವು.

ಹೋದ ಶ್ರಾವಣದಲ್ಲಿ ನಮ್ಮ ಊರಿನ ದೇವಸ್ಥಾನದ ಪೌಳಿಯಲ್ಲಿ ಜೈಮಿನಿಯ ಓದನ್ನು ಮತ್ತೆ ತೊಡಗಿದೆವು. ಶನಿವಾರ ಸಂಜೆಗಳಲ್ಲಿ ಓದು. ಬರಬೇಕಾದರೆ ಕೆರೆಯ ಏರಿಯ ಮೇಲೆ ನಡೆದು ಬರುವುದೆಂದು ಗೊತ್ತುಮಾಡಿದೆವು. ತಿಂಗಳಿಗೊಮ್ಮೆ ಉಪಕೇಂದ್ರದ ಆರೋಗ್ಯಾಧಿಕಾರಿಣಿಯೂ ಆಶಾ ಕಾರ್ಯಕರ್ತೆಯೂ ಬಂದು ಎಲ್ಲರ ಒತ್ತಡವನ್ನು ಅಳೆದು ಒಂದು ನೋಟುಪುಸ್ತಕದಲ್ಲಿ ಬರೆಯುವರು. ಹಾಜರಿ ಪುಸ್ತಕವನ್ನು ಬಿಟ್ಟಿರಲಾರದ ನಮಗೆ ಇದರಿಂದ ದೊಡ್ಡ ಸಮಾಧಾನ. ಮಾತ್ರೆ ಬರೆಸಿಕೊಂಡು ಅರ್ಧಕ್ಕೆ ಬಿಟ್ಟವರು ನೆರೆಯ ಯಜಮಾನರೊಬ್ಬರೇ ಅಲ್ಲವೆಂಬುದು ಮೊದಲ ತಿಂಗಳೇ ತಿಳಿಯಿತು. ಈಗ ಅವರವರ ಹೆಸರಿನ ಮುಂದೆ ಕೆಂಪು ಗುರುತಿದೆ. ನೆರೆದವರ ಮುಂದೆ ತಮ್ಮ ಅಂಕಿಯನ್ನು ಓದಿಸಿಕೊಳ್ಳುವುದು ಕೆಲವರಿಗೆ ಇಷ್ಟವಿಲ್ಲವಾದುದರಿಂದ ಅಂಕಿಗಳನ್ನು ಕಿವಿಯಲ್ಲಿ ಹೇಳುವ ಪದ್ಧತಿ ಮಾಡಿದೆವು. ನಮ್ಮ ಕಿವಿಗೆ ಮಾತ್ರ ಗಟ್ಟಿಯಾಗಿಯೇ ಹೇಳಬೇಕಾಗುವುದು.

ಚಂದ್ರಹಾಸನ ಕಥೆಯ ದಿನ ಅಕ್ಕನನ್ನು ಕರೆತಂದು ಕಂಬದ ಪಕ್ಕದಲ್ಲಿ ಕೂರಿಸಿದೆವು. ಅವಳು ಮೊದಲು ಸೆರಗಿನ ತುದಿಯನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದಳು. ಎರಡು ಕಡೆಗಳಲ್ಲಿ ನಾವು ಓದುವುದಕ್ಕೆ ಮುಂಚೆಯೇ ಅವಳ ತುಟಿಗಳು ಅಲುಗಿದುವು. ಒಂದು ಕಡೆ ನಾವು ಓದಿದುದು ತಪ್ಪಾಗಿದ್ದಿತು, ಅವಳದು ಸರಿಯಾಗಿದ್ದಿತು. ಮನೆಗೆ ಹೋಗುವ ದಾರಿಯಲ್ಲಿ ಇದು ಯಾವ ಊರೆಂದು ಕೇಳಿದಳು. ಅವಳ ಒತ್ತಡ ಅಂದು 138 ಇದ್ದಿತು. ಸೊಸೆ ಮಾತ್ರೆಗಳನ್ನು ತಪ್ಪಿಸುವುದಿಲ್ಲ.

ಭಾದ್ರಪದದಿಂದ ಒಂದು ಮಾರ್ಪಾಟು ಮಾಡಿದ್ದೇವೆ. ಅಳೆಯುವ ಶನಿವಾರದಂದು ಪಟ್ಟಿ ಕಟ್ಟುವುದು ಮೊದಲು, ಓದು ಆಮೇಲೆ, ಕಡಲೆಕಾಳಿನ ಉಸಲಿಯ ಪ್ರಸಾದ ಎಲ್ಲಕ್ಕೂ ಕೊನೆ. ಮೊದಲ ಸಲ ಪ್ರಸಾದವನ್ನು ಮುಂಚೆ ಹಂಚಿದಾಗ ಅರ್ಧ ಜನ ತೋಳು ಕೊಡದೆಯೇ ಎದ್ದುಹೋಗಿದ್ದರು.